ಮುಂಬೈ–ಪುಣೆ ಮಿಸ್ಸಿಂಗ್ ಲಿಂಕ್: ಅರ್ಧ ಗಂಟೆ ಉಳಿಯುತ್ತದೆ, ಹಳೆಯ ಘಾಟ್ ಗತಿಯೇನು?

ವಾರಾಂತ್ಯದ ರಾತ್ರಿ ಮುಂಬೈನಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೊರಟ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ ಊರು ಮುಟ್ಟುತ್ತದೆ ಎಂದು ಕೇಳಿದರೆ ಚಾಲಕರು ಕೊಡುವ ಉತ್ತರ ಬಹುತೇಕ ಒಂದೇ: 'ಮೊದಲು ಖಂಡಾಲಾ ಘಾಟ್ ದಾಟಲಿ'. ಎಕ್ಸ್‌ಪ್ರೆಸ್‌ವೇ ಸುಮಾರು 95 ಕಿ.ಮೀ. ಉದ್ದವಿದ್ದರೂ ಪ್ರಯಾಣದ ಭವಿಷ್ಯ ನಿರ್ಧಾರವಾಗುವುದು ಘಾಟಿನ ಕೆಲವೇ ಕಿಲೋಮೀಟರ್‌ಗಳಲ್ಲಿ. ಆ ಭಾಗವನ್ನೇ ಬಳಸಿ ಹೋಗಲು ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ ಕೈಗೆತ್ತಿಕೊಂಡಿರುವ ಯೋಜನೆಯೇ 'ಮಿಸ್ಸಿಂಗ್ ಲಿಂಕ್'.

ಖೋಪೋಲಿಯಿಂದ ಕುಸ್‌ಗಾಂವ್‌ವರೆಗೆ 13.3 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ಎರಡು ಜೋಡಿ ಸುರಂಗ, ಎರಡು ಸೇತುವೆಗಳಿವೆ. ಈಗಿನ 19 ಕಿ.ಮೀ. ಅಂತರ ಸುಮಾರು 6 ಕಿ.ಮೀ. ಕಡಿಮೆಯಾಗಿ, 20ರಿಂದ 25 ನಿಮಿಷ ಉಳಿಯುತ್ತದೆ ಎಂಬುದು ನಿಗಮದ ಲೆಕ್ಕ. ಉಳಿಯುವ ಸಮಯದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಹೊಸ ದಾರಿ ಬಂದ ಮೇಲೆ ಹಳೆಯ ಘಾಟನ್ನು ಏನು ಮಾಡುತ್ತಾರೆ ಎಂಬ ಪ್ರಶ್ನೆ ಅಷ್ಟೇ ಮುಖ್ಯ. ಜನರ ಜೀವದ ಸುರಕ್ಷತೆ ನಿಂತಿರುವುದು ಅದರ ಮೇಲೆ.

'ಮಿಸ್ಸಿಂಗ್' ಆಗಿದ್ದು ಏನು?

2002ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಆರು ಪಥಗಳ ರಸ್ತೆ. ಅದಕ್ಕೆ ಸಮಾಂತರವಾಗಿ ಹಳೆಯ ಮುಂಬೈ–ಪುಣೆ ಹೆದ್ದಾರಿ ಇದೆ. ಅಡೋಶಿ ಸುರಂಗದಿಂದ ಖಂಡಾಲಾವರೆಗೆ ಮಾತ್ರ ಈ ಎರಡೂ ರಸ್ತೆಗಳು ಒಂದಾಗುತ್ತವೆ. ಆರು ಪಥಗಳ ವಾಹನಗಳ ಜತೆ ನಾಲ್ಕು ಪಥಗಳ ವಾಹನಗಳೂ ಸೇರಿ, ಒಟ್ಟು ಹತ್ತು ಪಥಗಳ ಸಂಚಾರ ಆರೇ ಪಥಗಳಲ್ಲಿ ಸಾಗಬೇಕು. ಎಕ್ಸ್‌ಪ್ರೆಸ್‌ವೇಗೆ ಈ ಜಾಗದಲ್ಲಿ ತನ್ನದೇ ದಾರಿ ಇಲ್ಲ. ಕಾಣೆಯಾದ ಕೊಂಡಿ ಎಂದರೆ ಇದೇ.

ಇದರ ಜತೆಗೆ ಕಡಿದಾದ ಏರು ಬೇರೆ. ಭಾರ ಹೊತ್ತ ಲಾರಿ ಮೊದಲ ಗೇರ್‌ನಲ್ಲಿ ತೆವಳುತ್ತದೆ. ಅದನ್ನು ಹಿಂದಿಕ್ಕಲು ಇನ್ನೊಂದು ಲಾರಿ ಪಕ್ಕದ ಪಥಕ್ಕೆ ಬಂದರೆ ಹಿಂದಿನ ಕಾರು, ಬಸ್ಸುಗಳೆಲ್ಲ ನಿಲ್ಲುತ್ತವೆ. ಒಂದು ವಾಹನ ಕೆಟ್ಟು ನಿಂತರೂ ಸಾಲು ಕಿಲೋಮೀಟರ್‌ಗಟ್ಟಲೆ ಬೆಳೆಯುತ್ತದೆ. ಇಳಿಜಾರಿನ ಕಥೆ ಇನ್ನೂ ಅಪಾಯಕಾರಿ. ಡೀಸೆಲ್ ಉಳಿಸಲು ಕೆಲ ಚಾಲಕರು ನ್ಯೂಟ್ರಲ್‌ನಲ್ಲಿ ಇಳಿಯುತ್ತಾರೆ. ಬ್ರೇಕ್ ಬಿಸಿಯಾಗಿ ಹಿಡಿತ ತಪ್ಪಿದರೆ ಮುಂದಿರುವವರ ಗತಿ ಮುಗಿಯಿತು.

ಮಳೆಗಾಲದಲ್ಲಿ ಗುಡ್ಡವೂ ಜಾರುತ್ತದೆ. 2015ರ ಜುಲೈನಲ್ಲಿ ಅಡೋಶಿ ಸುರಂಗದ ಬಳಿ ಬಂಡೆಗಳು ಕಾರುಗಳ ಮೇಲೆ ಉರುಳಿ ಪ್ರಾಣಹಾನಿಯಾಗಿತ್ತು. 2023ರ ಜುಲೈನಲ್ಲೂ ಅದೇ ಆಸುಪಾಸಿನಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು.

ಬೆಟ್ಟದೊಳಗೆ, ಕಣಿವೆಯ ಮೇಲೆ

ಈ ಎಲ್ಲ ತೊಂದರೆಗೂ ಎಂಜಿನಿಯರ್‌ಗಳು ಕಂಡುಕೊಂಡ ಪರಿಹಾರ, ಬೆಟ್ಟವನ್ನು ಸುತ್ತಿ ಹತ್ತುವ ಬದಲು ಅದರೊಳಗೇ ನುಗ್ಗುವುದು. ಒಂದು ಸುರಂಗ ಎರಡು ಕಿ.ಮೀ.ಗಿಂತ ಕಡಿಮೆ ಉದ್ದವಿದ್ದರೆ, ಇನ್ನೊಂದು ಸುಮಾರು 8.9 ಕಿ.ಮೀ. ಪ್ರತಿ ಕೊಳವೆಯಲ್ಲಿ ನಾಲ್ಕು ಪಥಗಳಿದ್ದು ಅಗಲ ಸುಮಾರು 23 ಮೀಟರ್. ಉದ್ದದ ಸುರಂಗ ಲೋನಾವಾಲಾ ಕೆರೆಯ ಅಡಿಯಲ್ಲೇ, ನೂರು ಮೀಟರ್‌ಗೂ ಹೆಚ್ಚು ಆಳದಲ್ಲಿ ಸಾಗುತ್ತದೆ.

ಎರಡು ಸುರಂಗಗಳ ನಡುವಿನ ಕಣಿವೆಯನ್ನು ದಾಟಲು ಸುಮಾರು 650 ಮೀಟರ್ ಉದ್ದದ ಕೇಬಲ್ ಸೇತುವೆ. ಅದರ ಕಂಬಗಳ ಎತ್ತರ ಸುಮಾರು 182 ಮೀಟರ್. ಹಾಗೆ ನೋಡಿದರೆ ಯೋಜನೆಯ ಅತಿ ಕಠಿಣ ಭಾಗ ಸುರಂಗವಲ್ಲ, ಈ ಸೇತುವೆ. ಸಹ್ಯಾದ್ರಿಯ ಮಳೆ, ಮಂಜು ಮತ್ತು ಕಣಿವೆಯಲ್ಲಿ ನುಗ್ಗುವ ಗಾಳಿಯ ನಡುವೆ ಆ ಎತ್ತರಕ್ಕೆ ಭಾರದ ಭಾಗಗಳನ್ನು ಏರಿಸಿ ಜೋಡಿಸುವ ಕೆಲಸ ವರ್ಷದ ಎಲ್ಲ ದಿನ ನಡೆಯುವಂಥದ್ದಲ್ಲ. 2019ರಲ್ಲಿ ಆರಂಭವಾದ ಕಾಮಗಾರಿಯ ಗಡುವು ಒಂದಾದ ಮೇಲೊಂದು ಜಾರುತ್ತ 2026ಕ್ಕೆ ಬಂದು ನಿಂತಿದ್ದರ ಹಿಂದೆ ಇದೂ ಒಂದು ಕಾರಣ. ಯೋಜನೆಯ ವೆಚ್ಚ 6,600 ಕೋಟಿ ರೂಪಾಯಿಗೂ ಹೆಚ್ಚು.

ಹಳೆಯ ಘಾಟ್ ಏಕೆ ಬೇಕೇ ಬೇಕು?

ಹೊಸ ಮಾರ್ಗ ಬಂದರೆ ಹಳೆಯದರ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ಹಳೆಯ ಹೆದ್ದಾರಿಯ ವಾಹನಗಳು, ಖಂಡಾಲಾ ಮತ್ತು ಲೋನಾವಾಲಾ ಪೇಟೆಗೆ ಹೋಗುವವರು ಅದೇ ದಾರಿಯಲ್ಲಿ ಹೋಗಬೇಕು. ಸುರಂಗದಲ್ಲಿ ಅಪಘಾತವಾದರೆ ಅಥವಾ ದುರಸ್ತಿಗೆ ಮುಚ್ಚಿದರೆ ಇಡೀ ಸಂಚಾರ ತಿರುಗುವುದೂ ಅಲ್ಲಿಗೇ.

ಎಲ್ಲಕ್ಕಿಂತ ದೊಡ್ಡ ಸಂಗತಿ ಟ್ಯಾಂಕರ್‌ಗಳದ್ದು. ಸ್ಫೋಟಕ ಅಥವಾ ಬೇಗ ಉರಿಯುವ ಸರಕು ಹೊತ್ತ ವಾಹನಗಳಿಗೆ ಉದ್ದದ ಸುರಂಗಗಳಲ್ಲಿ ನಿರ್ಬಂಧ ಹೇರುವುದು ಜಗತ್ತಿನ ಹಲವೆಡೆ ಇರುವ ರೂಢಿ. ಹಾಗೆ ಮಾಡಿದರೆ ಅವೆಲ್ಲ ಹಳೆಯ ಘಾಟಿಗೇ ಬರಬೇಕು. ಕೆಳಗೆ ರಾಯಗಡ ಜಿಲ್ಲೆಯ ತಳೋಜಾ, ಪಾತಾಳಗಂಗಾ ಕಡೆ ರಾಸಾಯನಿಕ ಕಾರ್ಖಾನೆಗಳ ಸಾಲೇ ಇದೆ. 2023ರ ಜೂನ್‌ನಲ್ಲಿ ಲೋನಾವಾಲಾ ಬಳಿ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡಾಗ ನಾಲ್ವರು ಸತ್ತಿದ್ದರು. ಕಾರುಗಳು ಸುರಂಗದೊಳಗೆ ಸುಗಮವಾಗಿ ಸಾಗುವಾಗ, ಅಪಾಯದ ಸರಕೆಲ್ಲ ಗುಡ್ಡ ಜಾರುವ ರಸ್ತೆಯಲ್ಲೇ ಉಳಿದರೆ ಸಮಸ್ಯೆ ಪರಿಹಾರವಾದಂತೆ ಆಗುವುದಿಲ್ಲ. ಅದು ಜಾಗ ಬದಲಿಸಿದಂತೆ ಅಷ್ಟೇ.

ಹಾಗೆಂದು ನಿರ್ಬಂಧ ಹಾಕಿದ ಮಾತ್ರಕ್ಕೆ ಸುರಂಗ ಸುರಕ್ಷಿತ ಎನ್ನುವಂತೆಯೂ ಇಲ್ಲ. 1999ರಲ್ಲಿ ಫ್ರಾನ್ಸ್–ಇಟಲಿ ನಡುವಿನ ಮೊಂಬ್ಲಾಂ ಸುರಂಗದಲ್ಲಿ 39 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಶುರುವಾಗಿದ್ದು ಪೆಟ್ರೋಲ್ ಟ್ಯಾಂಕರ್‌ನಿಂದಲ್ಲ, ಮಾರ್ಗರಿನ್ ಮತ್ತು ಹಿಟ್ಟು ಸಾಗಿಸುತ್ತಿದ್ದ ಲಾರಿಯಿಂದ. ಅಲ್ಲಿ ಜನರನ್ನು ಕೊಂದದ್ದು ಮುಖ್ಯವಾಗಿ ಹೊಗೆ. ಆದ್ದರಿಂದ ಹೊಗೆ ಹೊರಹಾಕುವ ಫ್ಯಾನ್‌ಗಳು, ಪಕ್ಕದ ಕೊಳವೆಗೆ ದಾಟುವ ಅಡ್ಡ ಹಾದಿಗಳು, ಸ್ಥಳದಲ್ಲೇ ಇರುವ ಅಗ್ನಿಶಾಮಕ ತಂಡ ಇವು ಉದ್ಘಾಟನೆಯ ದಿನ ಇದ್ದರೆ ಸಾಲದು. ಹತ್ತು ವರ್ಷದ ನಂತರವೂ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು.

ಪುಣೆಯಲ್ಲೇ ಇದೆ ಪಾಠ

ಸುರಂಗ ಕೊರೆದರೆ ಇಳಿಜಾರಿನ ಅಪಾಯ ಮುಗಿಯುವುದಿಲ್ಲ ಎಂಬುದಕ್ಕೆ ಉದಾಹರಣೆ ದೂರವಿಲ್ಲ. ಸಾತಾರಾ ಕಡೆಯಿಂದ ಬರುವ ವಾಹನಗಳು ಕಾತ್ರಜ್‌ನ ಹೊಸ ಸುರಂಗ ದಾಟಿ ಪುಣೆಯ ನವಲೆ ಸೇತುವೆಯತ್ತ ಇಳಿಯುವ ಜಾಗ ಅಪಘಾತಗಳಿಗೇ ಹೆಸರಾಗಿದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಟ್ಯಾಂಕರ್ ಒಂದು ಹಿಡಿತ ತಪ್ಪಿ ನುಗ್ಗಿದಾಗ 40ಕ್ಕೂ ಹೆಚ್ಚು ವಾಹನಗಳು ಜಖಂಗೊಂಡಿದ್ದವು. ವೇಗದ ರಸ್ತೆ ಮುಗಿದು ನಗರ ಶುರುವಾಗುವ ಕಡೆ ಸರಿಯಾದ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಜಾಗ ಮತ್ತೆ ಮತ್ತೆ ತೋರಿಸಿದೆ.

ಕರ್ನಾಟಕಕ್ಕೆ ಹೋಗುವವರಿಗೆ ಇನ್ನೊಂದು ಲೆಕ್ಕವೂ ಇದೆ. ಲೋನಾವಾಲಾದಲ್ಲಿ ಉಳಿಸಿದ 25 ನಿಮಿಷವನ್ನು ಪುಣೆ ಹೊರವಲಯದ ದಟ್ಟಣೆ ನುಂಗಬಹುದು. ಅದಾದ ಮೇಲೆ ಸಾತಾರಾ ದಾರಿಯ ಖಂಬಾಟ್ಕಿ ಘಾಟ್. ಅಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಆರು ಪಥಗಳ ಜೋಡಿ ಸುರಂಗವನ್ನು ಕೈಗೆತ್ತಿಕೊಂಡಿದೆ. ಎರಡೂ ಕಡೆ ದಾರಿ ಸುಗಮವಾದರೆ ಮಾತ್ರ ಮುಂಬೈ–ಬೆಳಗಾವಿ ಪ್ರಯಾಣದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಈಗ ಆಗಬೇಕಾದ್ದೇನು?

ಮಿಸ್ಸಿಂಗ್ ಲಿಂಕ್ ಅನಗತ್ಯ ಎಂದು ಯಾರೂ ಹೇಳಲಾರರು. ಎರಡು ಹೆದ್ದಾರಿಗಳನ್ನು ಬೇರ್ಪಡಿಸಲು ಬೇರೆ ದಾರಿಯೂ ಇರಲಿಲ್ಲ. ಆದರೆ ಯಾವ ವಾಹನ ಯಾವ ದಾರಿಯಲ್ಲಿ ಹೋಗಬೇಕು, ಟ್ಯಾಂಕರ್‌ಗಳಿಗೆ ಸಮಯ ನಿಗದಿ ಇದೆಯೇ, ಹಳೆಯ ಘಾಟಿನ ಬಂಡೆಗಳಿಗೆ ಬಲೆ ಹಾಕುವ, ಚರಂಡಿ ನೋಡಿಕೊಳ್ಳುವ ಹಣ ಪ್ರತಿವರ್ಷ ಸಿಗುತ್ತದೆಯೇ ಎಂಬುದನ್ನು ನಿಗಮ ಜನರಿಗೆ ಸ್ಪಷ್ಟವಾಗಿ ಹೇಳಬೇಕು. ಹೊಸ ರಸ್ತೆಗೆ ಟೇಪು ಕತ್ತರಿಸಲು ಬರುವಷ್ಟು ಮಂದಿ ಹಳೆಯ ರಸ್ತೆಯ ಚರಂಡಿ ನೋಡಲು ಬರುವುದಿಲ್ಲ. ಗುಡ್ಡ ಮಾತ್ರ ಪ್ರತಿ ಮಳೆಗಾಲವೂ ತಪ್ಪದೆ ಪರೀಕ್ಷೆ ಮಾಡುತ್ತದೆ.

ಶಿರಾಡಿ ಘಾಟಿಗೆ ಸುರಂಗ ಬೇಕೇ ಎಂದು ವರ್ಷಗಳಿಂದ ಚರ್ಚಿಸುತ್ತಿರುವ ಕರ್ನಾಟಕಕ್ಕೂ ಇದು ಗಮನಿಸಬೇಕಾದ ವಿಷಯ. ಅದೇ ಪಶ್ಚಿಮ ಘಟ್ಟ, ಅದೇ ಮಳೆ, ಅದೇ ಟ್ಯಾಂಕರ್‌ಗಳ ಸಾಲು. ಖಂಡಾಲಾದಲ್ಲಿ ಹೊಸ ದಾರಿಯ ಜತೆ ಹಳೆಯ ದಾರಿ ಹೇಗೆ ಬಾಳುತ್ತದೆ ಎಂಬುದನ್ನು ನೋಡಿ ಮುಂದಿನ ಹೆಜ್ಜೆ ಇಡುವುದು ಜಾಣತನ.