ಅಡ್ಡಹೆಸರಿಗೆ ನಗಬೇಡಿ

ದಿನವೂ ಬೆಳಿಗ್ಗೆ ನಿಮ್ಮ ಗುರುಗಳು ಹಾಜರಿ ಕರೆಯುತ್ತಾರೆ. ಬಿರಾದಾರ, ಪಾಟೀಲ, ಕುಂಬಾರ, ಸ್ವಾಮಿ, ಶೇಖ, ಕಾಂಬಳೆ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ನಿಮ್ಮ ಹೆಸರು ಬಂದಾಗ ಎದ್ದು ನಿಂತು ಉತ್ತರ ಕೊಡುತ್ತೀರಿ. ಆದರೆ ನಿಮ್ಮ ಹೆಸರಿನ ಕೊನೆಗೆ ಇರುವ ಆ ಹೆಸರು ಎಲ್ಲಿಂದ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ನಾವು ಅದನ್ನು ಅಡ್ಡಹೆಸರು ಅಥವಾ ಮನೆತನದ ಹೆಸರು ಎನ್ನುತ್ತೇವೆ. ನೆರೆಮನೆಯ ಮರಾಠಿ ಗೆಳೆಯರು ಆಡನಾವ ಎನ್ನುತ್ತಾರೆ.

ಅಡ್ಡಹೆಸರುಗಳು ಹುಟ್ಟಿದ ದಾರಿಗಳು ಹಲವು. ಮೊದಲನೆಯದು ಊರು. ಹಿರಿಯರು ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋದಾಗ, ಅಲ್ಲಿಯ ಜನ ಅವರನ್ನು ಹಳೆಯ ಊರಿನ ಹೆಸರಿನಿಂದಲೇ ಗುರುತಿಸಿದರು. ಉದಗೀರದವರು ಉದಗೀರಕರ ಆದರು. ಬೀದರದವರು ಬಿದರಕರ ಆದರು. ಸಾತಾರದಲ್ಲಿ ಹುಟ್ಟಿ, 1964 ರಿಂದ 1966 ರವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದ ಪಿ.ಬಿ. ಗಜೇಂದ್ರಗಡಕರ ಅವರ ಹೆಸರನ್ನು ನೋಡಿ. ಕರ್ನಾಟಕದ ಗದಗ ಜಿಲ್ಲೆಯ ಗಜೇಂದ್ರಗಡ ಎಂಬ ಊರು ಅದರಲ್ಲಿದೆ.

ಎರಡನೆಯದು ಕೆಲಸ. ಊರಿನ ಮುಖ್ಯಸ್ಥನು ಪಾಟೀಲ, ಲೆಕ್ಕಪತ್ರ ಬರೆಯುವವನು ಕುಲಕರ್ಣಿ. ಮಡಕೆ ಮಾಡುವವನು ಕುಂಬಾರ, ಕಬ್ಬಿಣದ ಕೆಲಸದವನು ಕಮ್ಮಾರ, ಮರಗೆಲಸದವನು ಬಡಿಗೇರ. ಇಂಗ್ಲಿಷರಲ್ಲಿ ಬಹಳ ಜನರಿಗೆ ಸ್ಮಿತ್ ಎಂಬ ಅಡ್ಡಹೆಸರಿದೆ. ಅದರ ಅರ್ಥವೂ ಕಮ್ಮಾರ ಎಂದೇ! 1985-86 ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದ ಶಿವಾಜಿರಾವ ಪಾಟೀಲ ನಿಲಂಗೇಕರ ಅವರ ಹೆಸರಿನಲ್ಲಿ ಎರಡೂ ಇವೆ. ಪಾಟೀಲ ಎಂಬುದು ಕೆಲಸ, ನಿಲಂಗಾ ಎಂಬುದು ಊರು.

ಮೂರನೆಯದು ವಸ್ತು. ಕನ್ನಡಿಗರಲ್ಲಿ ಬೆಲ್ಲದ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳೂ ಇವೆ. ಕೇಳಿದರೆ ನಿಮಗೆ ನಗು ಬರಬಹುದು. ಒಮ್ಮೆ ನನಗೂ ಬಂದಿತ್ತು. ಆ ಸಂಗತಿಯನ್ನು ನಿಮಗೆ ಹೇಳಲೇಬೇಕು.

ನಾನು ಆಗ ಹೊಸದಾಗಿ ಶಿಕ್ಷಕನಾಗಿದ್ದೆ. ತರಗತಿಗೆ ಹೊಸ ಹುಡುಗನೊಬ್ಬ ಬಂದ. ಅವನ ಅಡ್ಡಹೆಸರು ಉಳ್ಳಾಗಡ್ಡಿ. ಹಾಜರಿ ಕರೆದಾಗ ಮಕ್ಕಳೆಲ್ಲ ನಕ್ಕರು. ಅವರನ್ನು ಸುಮ್ಮನಿರಿಸಬೇಕಾದ ನಾನೂ ನಕ್ಕೆ. ಮರುದಿನ ಹುಡುಗ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವನ ಅಜ್ಜಿ ಅವನ ಕೈಹಿಡಿದು ಕರೆತಂದಳು. ಆಕೆ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದಳು: "ಮಾಸ್ತರ್ರೀ, ಇವನ ಮುತ್ಯಾನ ಅಪ್ಪ ಉಳ್ಳಾಗಡ್ಡಿ ಗಾಡಿ ಹೊಡಕೊಂಡು ಉದಗೀರ ಸಂತೀಗಿ ಹೋಗ್ತಿದ್ದ. ಬರಗಾಲದಾಗ ಅದೇ ಉಳ್ಳಾಗಡ್ಡಿ ನಮ್ಮ ಮನಿ ಉಳಿಸ್ಯದ. ಆ ಹೆಸರಿಗೆ ನಗಬ್ಯಾಡ್ರಿ."

ನಾನು ತಲೆ ತಗ್ಗಿಸಿದೆ. ಎಲ್ಲರ ಮುಂದೆ ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಅಂದಿನಿಂದ ಯಾರ ಅಡ್ಡಹೆಸರಿಗೂ ನಕ್ಕಿಲ್ಲ.

ನಮ್ಮ ಗಡಿಭಾಗದಲ್ಲಿ ಅಡ್ಡಹೆಸರುಗಳಿಗೆ ಇನ್ನೊಂದು ಮಹತ್ವವಿದೆ. ಉದಗೀರ ಮತ್ತು ನಿಲಂಗಾ ತಾಲೂಕುಗಳು ಮೊದಲು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. 1956 ರಲ್ಲಿ ಭಾಷೆಗಳಿಗೆ ಅನುಸಾರವಾಗಿ ರಾಜ್ಯಗಳು ರಚನೆಯಾದವು. ಆಗ ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಬಂದವು. 1960 ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ನಕಾಶೆಯಲ್ಲಿ ಗೆರೆ ಬದಲಾಯಿತು, ಮನೆತನದ ಹೆಸರು ಬದಲಾಗಲಿಲ್ಲ. ಗಡಿಯ ಆಚೆಯೂ ಬಿರಾದಾರರಿದ್ದಾರೆ, ಈಚೆಯೂ ಇದ್ದಾರೆ. ಆಚೆಯೂ ಪಾಟೀಲರಿದ್ದಾರೆ, ಈಚೆಯೂ ಇದ್ದಾರೆ. ಹೆಸರು ಕೇಳಿ ಇವರು ಕನ್ನಡದವರೋ ಮರಾಠಿಯವರೋ ಎಂದು ಹೇಳಲಾಗದು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡದ ದೊಡ್ಡ ಕವಿಗಳಾದರು.

ಎಲ್ಲರಿಗೂ ಅಡ್ಡಹೆಸರು ಇದ್ದೇ ಇರಬೇಕೆಂದಿಲ್ಲ. ದಕ್ಷಿಣ ಕರ್ನಾಟಕದಲ್ಲಿ ಹೆಸರಿನ ಮುಂದೆ ಅಕ್ಷರಗಳನ್ನು ಬರೆಯುವ ರೂಢಿಯಿದೆ. ಕವಿ ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ. ಜಪಾನ ದೇಶದಲ್ಲಿ ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಸರಕಾರ ಆಜ್ಞೆ ಮಾಡಿದ್ದು 1875 ರಲ್ಲಿ. ಐಸ್‌ಲ್ಯಾಂಡ್ ದೇಶದಲ್ಲಿ ಹೆಚ್ಚಿನವರು ಇಂದಿಗೂ ತಂದೆಯ ಅಥವಾ ತಾಯಿಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಾರೆ. ನಮ್ಮ ಮಹಾರಾಷ್ಟ್ರದಲ್ಲಿಯೂ ಒಂದು ಒಳ್ಳೆಯ ಬದಲಾವಣೆಯಾಗಿದೆ. 2024 ರ ಮೇ 1 ರಿಂದ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ಕಾಗದಪತ್ರಗಳಲ್ಲಿ ಬರೆಯುವಾಗ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿರಬೇಕು. ಹೆತ್ತು ಹೊತ್ತು ಸಾಕಿದ ತಾಯಿಯ ಹೆಸರು ತಡವಾಗಿಯಾದರೂ ಬಂತಲ್ಲ!

ಮಕ್ಕಳೇ, ಅಡ್ಡಹೆಸರಿನಿಂದ ಒಂದು ಕೆಡುಕೂ ಆಗುತ್ತದೆ. ಕೆಲವರು ಅಡ್ಡಹೆಸರು ಕೇಳುವುದೇ ಜಾತಿ ತಿಳಿಯುವುದಕ್ಕಾಗಿ. ತಿಳಿದ ಮೇಲೆ ಒಬ್ಬರಿಗೆ ಗೌರವ, ಇನ್ನೊಬ್ಬರಿಗೆ ಅವಮಾನ. ಈ ನೋವಿನಿಂದಲೇ ಕೆಲವರು ಅಡ್ಡಹೆಸರನ್ನೇ ಬಿಟ್ಟಿದ್ದಾರೆ. ಅವರದು ತಪ್ಪಲ್ಲ. ಆದರೆ ಹೆಸರಿಗಿಂತ ಮೊದಲು ಬಿಡಬೇಕಾದದ್ದು ಹೆಸರಿನಿಂದ ಮನುಷ್ಯನನ್ನು ತೂಗುವ ಚಾಳಿ ಎಂದು ನನ್ನ ಅಭಿಪ್ರಾಯ.

ಉಮರ್ಗಾಕ್ಕೆ ಸಮೀಪದಲ್ಲಿಯೇ ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬಸವಣ್ಣನವರೊಡನೆ ಶರಣರು ಕೂಡಿದ್ದರು. ಅಂಬಿಗರ ಚೌಡಯ್ಯ ದೋಣಿ ನಡೆಸುವವರು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವರು. ನುಲಿಯ ಚಂದಯ್ಯ ಹಗ್ಗ ಹೊಸೆಯುವವರು. ಅವರು ತಮ್ಮ ಕಾಯಕದ ಹೆಸರನ್ನು ಮುಚ್ಚಿಡಲಿಲ್ಲ, ಅದಕ್ಕೆ ನಾಚಲೂ ಇಲ್ಲ. ಆ ಕಾಯಕಗಳಲ್ಲಿ ಮೇಲು ಕೀಳು ಎಂದು ಅವರು ಎಣಿಸಲಿಲ್ಲ. ಎಂಟುನೂರು ವರ್ಷಗಳಾದ ಮೇಲೂ ಆ ಹೆಸರುಗಳನ್ನು ನಾವು ಕೈಮುಗಿದು ಹೇಳುತ್ತೇವೆ.

ಇಂದು ಸಂಜೆ ಮನೆಗೆ ಹೋದಾಗ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: "ನಮ್ಮ ಅಡ್ಡಹೆಸರು ಹೇಗೆ ಬಂತು?" ಅವರು ಹೇಳಿದ್ದನ್ನು ವಹಿಯಲ್ಲಿ ಬರೆದಿಡಿ. ನಾಳೆ ಪಕ್ಕದಲ್ಲಿ ಕುಳಿತ ಗೆಳೆಯನ ಅಡ್ಡಹೆಸರಿನ ಕಥೆಯನ್ನೂ ಕೇಳಿ. ಆ ಕಥೆ ತಿಳಿದರೆ ನಿಮಗೆ ನಗು ಬರುವುದಿಲ್ಲ, ಅವನ ಹಿರಿಯರ ಮೇಲೆ ಗೌರವ ಬರುತ್ತದೆ.