ಪ್ಯಾಡ್ ಹಿಡ್ಕೊಂಡು ನಿಂತವನ ಮಾತು

ಈ ಸಲದ ಫೆಸ್ಟ್‌ಗೆ ನಮ್ಮ ಬ್ಯಾಂಡ್ ಆಡಿಷನ್ ನಡೆದಾಗ ಕೀಬೋರ್ಡ್‌ಗೆ ಅಂತ ಬಂದವರು ಇಬ್ಬರು. ಆಯ್ಕೆ ಆದವರು ಸೊನ್ನೆ. ಇಬ್ಬರೂ ಕೆಟ್ಟದಾಗೇನೂ ನುಡಿಸಲಿಲ್ಲ. "ಕೀಬೋರ್ಡ್ ಪಾರ್ಟ್ ಲ್ಯಾಪ್‌ಟಾಪ್‌ನಲ್ಲೇ ಇದೆಯಲ್ಲ ಮಗಾ, ಟ್ರ್ಯಾಕ್ ಬಿಟ್ರೆ ಆಯ್ತು. ಸ್ಟೇಜ್ ಮೇಲೆ ಜಾಗಾನೂ ಉಳಿಯುತ್ತೆ" ಅಂದ ನಮ್ಮ ಗಿಟಾರಿಸ್ಟ್. ಉಳಿದವರು ತಲೆಯಾಡಿಸಿದರು. ನಾಲ್ಕು ವರ್ಷ ಅದೇ ಜಾಗದಲ್ಲಿ ನಿಂತವನು ನಾನು. ಜಗಳ ಆಡೋಣ ಅಂತ ಬಾಯಿ ತೆರೆದೆ, ಆಮೇಲೆ ಮುಚ್ಚಿದೆ. ಯಾಕಂದರೆ ಅವನು ಹೇಳಿದ್ದು ಅರ್ಧ ಸರಿ. ಈ ನಾಲ್ಕು ವರ್ಷದಲ್ಲಿ ಸ್ಟೇಜ್ ಮೇಲೆ ನಾನು ಮಾಡಿದ್ದರಲ್ಲಿ ಮುಕ್ಕಾಲು ಪಾಲನ್ನು ಒಂದು ಲ್ಯಾಪ್‌ಟಾಪ್ ಮಾಡಬಹುದಿತ್ತು. ಸ್ಟ್ರಿಂಗ್ಸ್ ಟೋನ್ ಹಾಕಿ, ಕಾರ್ಡ್ ಒತ್ತಿ ಹಿಡ್ಕೊಂಡು, ಗಿಟಾರ್ ಸೋಲೋ ನೋಡುತ್ತಾ ನಿಲ್ಲೋದು. ಪ್ರೇಕ್ಷಕರಿಗಿಂತ ನನಗೆ ಸ್ವಲ್ಪ ಹತ್ತಿರದಿಂದ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ.

ಆಡಿಷನ್‌ನಲ್ಲಿ ಬಿದ್ದ ಇಬ್ಬರಲ್ಲಿ ಒಬ್ಬ ಜೂನಿಯರ್ ಮರುದಿನ ಕ್ಯಾಂಟೀನ್‌ನಲ್ಲಿ ಸಿಕ್ಕಿ "ಅಣ್ಣ, ಕ್ಲಾಸಿಕ್ ರಾಕ್‌ನಲ್ಲಿ ಕೀಬೋರ್ಡ್‌ಗೆ ಯಾವ್ ಯಾವ್ ಹಾಡು ಕಲೀಬೇಕು, ಒಂದು ಲಿಸ್ಟ್ ಕೊಡಿ" ಅಂದ. ಲಿಸ್ಟ್ ಬರೆಯೋಕೆ ಕೂತರೆ ಅದು ಲಿಸ್ಟ್ ಆಗಿ ಉಳಿಯಲಿಲ್ಲ. ಕನ್ನಡ ಕ್ಲಬ್‌ನ ಪತ್ರಿಕೆಯಲ್ಲಿ ಇಂಗ್ಲಿಷ್ ಹಾಡಿನ ಪುರಾಣ ಯಾಕೆ ಅಂತ ಕೇಳುವವರಿಗೆ: ನಾನು ಕೀಬೋರ್ಡ್ ಬಗ್ಗೆ ಯೋಚನೆ ಮಾಡೋದು ಕನ್ನಡದಲ್ಲೇ, ಜಗಳ ಆಡೋದೂ ಕನ್ನಡದಲ್ಲೇ.

ಮೊದಲು ರೋಗ ಎಲ್ಲಿಂದ ಶುರುವಾಯ್ತು ಅಂತ ನೋಡೋಣ. ನಮ್ಮಲ್ಲಿ ಹೆಚ್ಚಿನವರು ಕೀಬೋರ್ಡ್ ಕಲಿತದ್ದು ಹೇಗೆ? ಬೇಸಿಗೆ ರಜೆಯಲ್ಲಿ ಅಪ್ಪ ತಂದ 61 ಕೀಗಳ ಕೀಬೋರ್ಡ್. ಬಲಗೈಯಲ್ಲಿ ಸಿನಿಮಾ ಹಾಡಿನ ರಾಗ, ಎಡಗೈಯಲ್ಲಿ ಆಟೋ ಕಾರ್ಡ್, ಹಿಂದೆ ಅದೇ ಪೆಟ್ಟಿಗೆಯ ಡ್ರಮ್ಸ್. ಒಬ್ಬನೇ ಕೂತು ನುಡಿಸುವಾಗ ಇದು ಭರ್ಜರಿ. ಅಜ್ಜಿಗೂ ಖುಷಿ, ನೆಂಟರಿಗೂ ಖುಷಿ. ಬ್ಯಾಂಡ್‌ಗೆ ಬಂದ ದಿನ ಮಾತ್ರ ಈ ಪೂರ್ತಿ ವಿದ್ಯೆ ನಿರುದ್ಯೋಗಿ. ರಾಗ ಹಾಡೋಕೆ ಸಿಂಗರ್ ಇದ್ದಾನೆ, ಡ್ರಮ್ಮರ್ ಇದ್ದಾನೆ, ಬೇಸ್ ಇದ್ದಾನೆ. ಆಗ ಕೀಬೋರ್ಡ್‌ನವನಿಗೆ "ನೀನು ಸುಮ್ನೆ ಪ್ಯಾಡ್ ಹಿಡ್ಕೊ" ಅನ್ನುತ್ತಾರೆ. ಅವನೂ ಹಿಡ್ಕೊಳ್ತಾನೆ. ನಮ್ಮ ಜಾಗವನ್ನು ಲ್ಯಾಪ್‌ಟಾಪ್ ಕಿತ್ತುಕೊಂಡಿತು ಅಂತ ಗೋಳಾಡೋದಕ್ಕೆ ಮುಂಚೆ, ನಾವೇ ಅದನ್ನು ಖಾಲಿ ಬಿಟ್ಟಿದ್ದೆವು ಅಂತ ಒಪ್ಪಿಕೊಳ್ಳೋದು ಒಳ್ಳೇದು.

ಹಾಗಾಗಿ ನನ್ನ ಅಭಿಪ್ರಾಯ: ನಲವತ್ತು ಹಾಡು ಬೇಡ, ಎಂಟು ಸಾಕು. ಪ್ರತಿ ಹಾಡೂ ಕೈಗೆ ಒಂದು ಹೊಸ ಕೆಲಸ ಕಲಿಸಬೇಕು. ಕೀಬೋರ್ಡ್ ತೆಗೆದರೆ ಹಾಡೇ ಕುಸಿದು ಬೀಳಬೇಕು, ಅಂಥವನ್ನು ಆರಿಸಿಕೊಳ್ಳಿ. ಇದಕ್ಕೆ 1960ರ ದಶಕದ ನಡುವಿಂದ 80ರ ದಶಕದ ತನಕದ ರಾಕ್‌ನಷ್ಟು ಒಳ್ಳೆ ಗಣಿ ಇನ್ನೊಂದಿಲ್ಲ.

ನಾನು ಮೊದಲು ಕಲಿ ಅಂತ ಹೇಳೋದು ಪ್ರೋಕಲ್ ಹಾರಮ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್'. 1967ರ ಹಾಡು. ಸಿ ಮೇಜರ್‌ನಲ್ಲಿದೆ, ಅಂದರೆ ಬಹುತೇಕ ಬಿಳಿ ಕೀಗಳೇ. ಎಡಗೈಯ ಬೇಸ್ ನೋಡಿ: ಮೇಲಿನ ಷಡ್ಜದಿಂದ ಸ ನಿ ದ ಪ ಮ ಗ ರಿ ಸ ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದವರಿಗೆ ಇದು ಶಂಕರಾಭರಣದ ಅವರೋಹಣ. ಆ ಇಳಿಜಾರಿನ ಮೇಲೆ ಬಲಗೈ ಆರ್ಗನ್‌ನಲ್ಲಿ ತನ್ನದೇ ರಾಗ ಹಾಡುತ್ತೆ, ಸಿಂಗರ್ ಬಾಯಿ ತೆರೆಯುವ ಮುಂಚೆಯೇ. ಅದನ್ನು ನುಡಿಸಿದವರು ಮ್ಯಾಥ್ಯೂ ಫಿಶರ್. ಹಾಡಿನ ಕರ್ತೃಗಳ ಹೆಸರಿನಲ್ಲಿ ಮಾತ್ರ ಅವರು ಇರಲಿಲ್ಲ. ದಶಕಗಳ ನಂತರ ಕೋರ್ಟಿಗೆ ಹೋದರು. 2006ರಲ್ಲಿ ಹೈಕೋರ್ಟ್ 40 ಪರ್ಸೆಂಟ್ ಪಾಲು ಅಂದಿತು, ಮೇಲ್ಮನವಿಯಲ್ಲಿ ಅದು ಹೋಯಿತು, ಕೊನೆಗೆ 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆರ್ಗನ್ ಪಾರ್ಟ್ ಅಂದ್ರೆ ಹಾಡಿಗೆ ಹಚ್ಚಿದ ಬಣ್ಣ ಅಲ್ಲ, ಹಾಡೇ ಅಂತ ಒಂದು ದೇಶದ ಅತ್ಯುನ್ನತ ನ್ಯಾಯಪೀಠ ಒಪ್ಪಿದ ಹಾಗೆ. ಇದನ್ನು ನಮ್ಮ ಗಿಟಾರಿಸ್ಟ್‌ಗೆ ಹೇಳಿದೆ. "ಸರಿ ಮಗಾ, ಕೇಸ್ ಹಾಕು" ಅಂದ.

ಇದರ ಉಲ್ಟಾ ಕಥೆಯೂ ಇದೆ. ದಿ ಆನಿಮಲ್ಸ್ ತಂಡದ 1964ರ 'ದಿ ಹೌಸ್ ಆಫ್ ದಿ ರೈಸಿಂಗ್ ಸನ್' ಹಳೆಯ ಜಾನಪದ ಹಾಡು. ರೆಕಾರ್ಡ್ ಮೇಲೆ ಅದನ್ನು ಹೊಂದಿಸಿದವರು ಅಂತ ಅಚ್ಚಾಗಿದ್ದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಒಬ್ಬರ ಹೆಸರು. ತಂಡದ ಉಳಿದವರ ಹೊಟ್ಟೆ ಉರಿದಿದ್ದರೆ ತಪ್ಪೇನಿಲ್ಲ. ಎ ಮೈನರ್, ಸಿ, ಡಿ, ಎಫ್, ಇ: ಐದು ಕಾರ್ಡ್, ಒಂದೇ ವಾರದ ಕೆಲಸ. ಗಿಟಾರ್ ಒಂದೊಂದೇ ತಂತಿ ಬಿಡಿಸಿ ನುಡಿಸುವಾಗ ಆರ್ಗನ್ ಯಾವಾಗ ಒಳಗೆ ಬರುತ್ತೆ, ಎಷ್ಟು ಹೊತ್ತು ಕಾಯುತ್ತೆ, ಅದನ್ನು ಕೇಳಿಸಿಕೊಳ್ಳಿ.

ಇನ್ನು ದಿ ಡೋರ್ಸ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ತಂಡದಲ್ಲಿ ಬೇಸ್ ಗಿಟಾರಿಸ್ಟ್ ಇರಲಿಲ್ಲ. ಸ್ಟೇಜ್ ಮೇಲೆ ರೇ ಮ್ಯಾನ್ಝರೆಕ್ ಎಡಗೈಯಲ್ಲಿ 32 ಕೀಗಳ ಒಂದು ಪುಟ್ಟ ಫೆಂಡರ್ ರೋಡ್ಸ್ ಪಿಯಾನೋ ಬೇಸ್ ನುಡಿಸುತ್ತಾ, ಬಲಗೈಯಲ್ಲಿ ವಾಕ್ಸ್ ಕಾಂಟಿನೆಂಟಲ್ ಆರ್ಗನ್ ನುಡಿಸುತ್ತಿದ್ದರು. ಆ ಆರ್ಗನ್‌ಗೂ ಇದ್ದದ್ದು 49 ಕೀ ಮಾತ್ರ. ನಮ್ಮ ಮನೆಯ ಕೀಬೋರ್ಡ್ ಸಾಲದು, 88 ಕೀಗಳದ್ದು ಬೇಕು ಅಂತ ಮನೆಯಲ್ಲಿ ಪೀಡಿಸುವವರು ಇದನ್ನು ಗಮನಿಸಿ. ಹ್ಯಾಮಂಡ್ ಬಿ-3 ಅನ್ನೋ ಮಹಾ ಆರ್ಗನ್‌ನಲ್ಲೂ ಒಂದೊಂದು ಸಾಲಿಗೆ 61 ಕೀಗಳೇ.

ಅವರ 1967ರ 'ಲೈಟ್ ಮೈ ಫೈರ್' ಆಲ್ಬಮ್‌ನಲ್ಲಿ ಏಳು ನಿಮಿಷ. ರೇಡಿಯೋಗೆ ಅಂತ ಸೋಲೋಗಳನ್ನು ಕತ್ತರಿಸಿ ಮೂರು ನಿಮಿಷದ ಒಳಗೆ ತಂದರು. ಆ ಕತ್ತರಿಸಿದ ಭಾಗವೇ ನಮಗೆ ಬೇಕಾದದ್ದು. ಎರಡೇ ಕಾರ್ಡ್, ಎ ಮೈನರ್ ಮತ್ತು ಬಿ ಮೈನರ್, ಸುತ್ತುತ್ತಾ ಇರುತ್ತವೆ. ಎ ಅನ್ನು ಷಡ್ಜ ಮಾಡಿಕೊಂಡರೆ ಈ ಎರಡೂ ಕಾರ್ಡ್‌ಗಳ ಸ್ವರಗಳೆಲ್ಲ ಖರಹರಪ್ರಿಯದೊಳಗೆ ಕೂತುಬಿಡುತ್ತವೆ. ಅದೇ ತಂಡದ 1971ರ 'ರೈಡರ್ಸ್ ಆನ್ ದಿ ಸ್ಟಾರ್ಮ್', ಪಿಂಕ್ ಫ್ಲಾಯ್ಡ್‌ನ 1973ರ 'ಬ್ರೀದ್': ಎರಡರಲ್ಲೂ ಇ ಮೈನರ್‌ನಿಂದ ಎ ಮೇಜರ್‌ಗೆ ಹೋಗಿ ಬರುವ ತೂಗು. ಇಲ್ಲಿ ಇ ಷಡ್ಜ, ಮತ್ತೆ ಅದೇ ಖರಹರಪ್ರಿಯದ ಸ್ವರಗಳು. ಪಾಶ್ಚಾತ್ಯರು ಇದಕ್ಕೆ ಡೋರಿಯನ್ ಅನ್ನುತ್ತಾರೆ. ಒಂದು ಮೇಳ ಕೈಗೆ ಹತ್ತಿದರೆ ಮೂರು ಹಾಡಿನ ಸೋಲೋಗೆ ದಾರಿ. ರಾಗವೇ ಅದು ಅಂತ ನಾನು ಹೇಳುತ್ತಿಲ್ಲ. ಗಮಕ ಇಲ್ಲದ ಖರಹರಪ್ರಿಯ ನಮ್ಮ ಸಂಗೀತದ ಮೇಡಂಗೆ ಕೇಳಿಸಿದರೆ ಕಿವಿ ಹಿಂಡುತ್ತಾರೆ. ಆದರೂ "ನಂಗೆ ವೆಸ್ಟರ್ನ್ ಬರಲ್ಲ" ಅನ್ನುವ ಹುಡುಗಿಯ ಬೆರಳಿಗೆ ಆ ಸ್ವರಸ್ಥಾನಗಳು ಐದನೇ ಕ್ಲಾಸಿನಿಂದ ಗೊತ್ತಿರುತ್ತವೆ, ಅದನ್ನು ಯಾರೂ ಅವಳಿಗೆ ಹೇಳಿರುವುದಿಲ್ಲ ಅಷ್ಟೇ.

ಡೀಪ್ ಪರ್ಪಲ್ ಬಿಟ್ಟರೆ ಪಾಪ ಬರುತ್ತೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರ್‌ನವರ ಮಾರ್ಷಲ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಸದ್ದನ್ನು ಒಡೆಸಿದರು. ಗಿಟಾರ್ ಎದುರು ದನಿ ಎತ್ತಿ ಮಾತಾಡುವ ಕೀಬೋರ್ಡ್ ಅದು. 1972ರ 'ಸ್ಮೋಕ್ ಆನ್ ದಿ ವಾಟರ್' ರಿಫ್ಫನ್ನು ನಮ್ಮಲ್ಲಿ ಎಲ್ಲರೂ ಒಂದೇ ಬೆರಳಲ್ಲಿ ನುಡಿಸುತ್ತಾರೆ. ಅದು ಜೋಡಿ ಸ್ವರಗಳ ರಿಫ್. ಪ್ರತಿ ಜೋಡಿಯ ನಡುವೆ ಸ-ಮ ಅಂತರ. ಹಾಗೆ ನುಡಿಸಿ ನೋಡಿ, ಕೀಬೋರ್ಡ್‌ಗೆ ಮೀಸೆ ಬರುತ್ತೆ. 1970ರ 'ಚೈಲ್ಡ್ ಇನ್ ಟೈಮ್' ಹತ್ತು ನಿಮಿಷದ ಹಾಡು, ಶುರುವಾಗೋದೇ ಆರ್ಗನ್‌ನಿಂದ. ಆ ಆರ್ಗನ್ ರಾಗದ ಮೂಲ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ತಂಡದ ಹಾಡು, ಅದರ ಹೆಸರು 'ಬಾಂಬೆ ಕಾಲಿಂಗ್'!

ಈಗ ಬ್ರ್ಯಾಂಚ್‌ಗೆ ಸಂಬಂಧಿಸಿದ ಮಾತು. ಹ್ಯಾಮಂಡ್ ಆರ್ಗನ್ ಒಳಗೆ ಇರೋದು ಒಂದು ಸಿಂಕ್ರೊನಸ್ ಮೋಟರ್, ಅದು ತಿರುಗಿಸುವ ಹಲ್ಲಿನ ಚಕ್ರಗಳು, ಪ್ರತಿ ಚಕ್ರದ ಎದುರು ಒಂದು ಕಾಯಿಲ್. ಹಲ್ಲು ಹಾದುಹೋದ ಹಾಗೆ ಕಾಯಿಲ್‌ನಲ್ಲಿ ವೋಲ್ಟೇಜ್. ಮಾಡಿದ ಲಾರೆನ್ಸ್ ಹ್ಯಾಮಂಡ್ ಎಂಜಿನಿಯರ್, ಅದಕ್ಕೆ ಮುಂಚೆ ಗಡಿಯಾರ ಮಾಡುತ್ತಿದ್ದವರು. ಮೋಟರ್ ವೇಗ ಮೇನ್ಸ್ ಫ್ರೀಕ್ವೆನ್ಸಿಯದ್ದು. ಅಮೆರಿಕದ 60 ಹರ್ಟ್ಜ್‌ಗೆ ಮಾಡಿದ ಆರ್ಗನ್ನನ್ನು ನಮ್ಮ 50 ಹರ್ಟ್ಜ್‌ನಲ್ಲಿ ಓಡಿಸಿದರೆ ಶ್ರುತಿ ಆರರಲ್ಲಿ ಐದು ಪಾಲಿಗೆ ಇಳಿಯುತ್ತೆ, ಅಂದರೆ ಸುಮಾರು ಮೂರು ಸ್ವರಸ್ಥಾನ ಕೆಳಕ್ಕೆ. ಮೇಲೆ ಒಂಬತ್ತು ಡ್ರಾಬಾರ್‌ಗಳು. ಯಾವ ಹಾರ್ಮೋನಿಕ್ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳೋದು. ಮೂರನೇ ಸೆಮ್‌ನಲ್ಲಿ ಫೂರಿಯೇ ಸೀರೀಸ್ ಅಂತ ತಲೆ ತಿಂದರಲ್ಲ, ಅದನ್ನೇ ಕೈಯಲ್ಲಿ ಎಳೆದು ಆಡಿಸೋದು. ಹೊರಗೆ ಲೆಸ್ಲಿ ಸ್ಪೀಕರ್, ಅದರೊಳಗೆ ಸದ್ದಿನ ಕೊಂಬು ತಿರುಗುತ್ತೆ, ಡಾಪ್ಲರ್ ಪರಿಣಾಮದಿಂದ ದನಿ ಅಲೆಯುತ್ತೆ. ನಮ್ಮಲ್ಲಿ ಇವ್ಯಾವೂ ಇಲ್ಲ. ಆದರೆ ಆ ಲ್ಯಾಪ್‌ಟಾಪ್ ತಂದೇ ತರ್ತಾರಲ್ಲ! ಯುಎಸ್‌ಬಿ ಕೇಬಲ್‌ನಿಂದ ಕೀಬೋರ್ಡ್ ಅದಕ್ಕೆ ಸೇರಿಸಿ, ಆರ್ಗನ್ ಸಾಫ್ಟ್‌ವೇರ್ ಹಾಕಿ, ಡ್ರಾಬಾರ್ ಎಳೆದುಕೊಳ್ಳಿ. ಶತ್ರುವನ್ನು ಕೂಲಿಗೆ ಇಟ್ಟುಕೊಂಡ ಹಾಗೆ.

ಆರ್ಗನ್ ಟೋನ್ ಹಾಕಿದ ಮೇಲೆ ಪಿಯಾನೋ ಕೈ ಮರೆಯಬೇಕು. ಹ್ಯಾಮಂಡ್‌ನಲ್ಲಿ ಕೀ ಮೆಲ್ಲಗೆ ಒತ್ತಿದರೂ ಗುದ್ದಿದರೂ ಸದ್ದು ಅಷ್ಟೇ. ಹಾಗಾಗಿ ಟಚ್ ಸೆನ್ಸಿಟಿವಿಟಿ ಆಫ್ ಮಾಡಿ. ಏರಿಳಿತ ಕಾಲಿನ ವಾಲ್ಯೂಮ್ ಪೆಡಲ್‌ನಲ್ಲಿ. ಸಸ್ಟೇನ್ ಪೆಡಲ್ ದಯವಿಟ್ಟು ಬ್ಯಾಗ್‌ನಲ್ಲೇ ಇರಲಿ. ಬೆರಳು ಎತ್ತಿದರೆ ಸದ್ದು ನಿಲ್ಲುತ್ತೆ, ಅದಕ್ಕೇ ಒಂದು ಬೆರಳು ಎತ್ತುವ ಮುಂಚೆ ಇನ್ನೊಂದನ್ನು ಜಾರಿಸಿ ಇಡೋದು ರೂಢಿಯಾಗಬೇಕು. ಇನ್ನೊಂದು: ಬ್ಯಾಂಡ್‌ನಲ್ಲಿ ಬೇಸ್ ಇದ್ದಾಗ ಎಡಗೈಯನ್ನು ಕೆಳಗಿನ ಸಪ್ತಕಕ್ಕೆ ಇಳಿಸಬೇಡಿ. ನಾನು ಎರಡು ವರ್ಷ ಇಳಿಸಿದೆ. ಸೌಂಡ್‌ನವರು ಪ್ರತಿ ಸಲ ನನ್ನ ಚಾನೆಲ್ ತಗ್ಗಿಸುತ್ತಿದ್ದರು, ನಾನು ಪ್ರತಿ ಸಲ ಅವರನ್ನು ಬೈಯುತ್ತಿದ್ದೆ. ಕೆಸರು ಮಾಡಿದವನು ನಾನೇ ಅಂತ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯ್ತು.

ಪ್ಯಾಡ್ ಹಿಡಿಯೋದೇ ಅವಮಾನ ಅಂತಲೂ ತಿಳಿಯಬೇಡಿ. ಪಿಂಕ್ ಫ್ಲಾಯ್ಡ್‌ನ ರಿಚರ್ಡ್ ರೈಟ್ ಇದ್ದಾರಲ್ಲ, 1975ರ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಶುರುವಿನಲ್ಲಿ ಜಿ ಮೈನರ್ ಹಿಡಿದು ನಿಲ್ಲಿಸಿದ್ದೇ ಆ ಹಾಡಿನ ಆಕಾಶ. ಗಾಯನ ಬರೋದು ಎಂಟು ನಿಮಿಷ ದಾಟಿದ ಮೇಲೆ. ಕೇಳುಗರು ಗಮನವಿಟ್ಟು ಕೇಳುವ ಪ್ಯಾಡ್ ಬೇರೆ, ಜಾಗ ತುಂಬುವ ಪ್ಯಾಡ್ ಬೇರೆ.

ಜರ್ನಿ ತಂಡದ 'ಡೋಂಟ್ ಸ್ಟಾಪ್ ಬಿಲೀವಿನ್', ವ್ಯಾನ್ ಹೇಲನ್‌ನ 'ಜಂಪ್', ಯುರೋಪ್ ತಂಡದ 'ದಿ ಫೈನಲ್ ಕೌಂಟ್‌ಡೌನ್': ಇವು ಜನ ಕುಣಿಯೋಕೆ. ಕಲಿಯಿರಿ, ಒಂದೊಂದು ಸಂಜೆ ಸಾಕು. 'ಬೊಹೀಮಿಯನ್ ರ‍್ಯಾಪ್ಸೊಡಿ' ಮನೆಯಲ್ಲಿ ನುಡಿಸಿ. ಪಂಚಗಣಿಯ ಹಾಸ್ಟೆಲ್ ಸ್ಕೂಲಿನಲ್ಲಿ ಪಿಯಾನೋ ಕಲಿತ ಫ್ರೆಡ್ಡಿ ಮರ್ಕ್ಯುರಿ ಮೇಲೆ ನಮಗೆಲ್ಲ ಪ್ರೀತಿ ಇದೆ, ಆದರೆ ಅದರ ಅಪೆರಾ ಭಾಗವನ್ನು ಸ್ವತಃ ಕ್ವೀನ್ ತಂಡವೇ ಸ್ಟೇಜ್‌ನಲ್ಲಿ ಟೇಪ್ ಹಾಕಿ ದಾಟಿಸುತ್ತಿತ್ತು.

ಹೌದು, ಟೇಪ್. ಇಲ್ಲಿ ನನ್ನ ವಾದಕ್ಕೆ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆ. ದಿ ಹೂ ತಂಡದ 1971ರ 'ಬಾಬಾ ಓ'ರೈಲಿ' (ಅರ್ಧ ಹೆಸರು ನಮ್ಮ ಮೆಹೆರ್ ಬಾಬಾ ಅವರದ್ದು, ಇನ್ನರ್ಧ ಟೆರ್ರಿ ರೈಲಿ ಎಂಬ ಸಂಗೀತಗಾರರದ್ದು) ಉದ್ದಕ್ಕೂ ಓಡುವ ಆರ್ಗನ್ ಟ್ರ್ಯಾಕ್ ಟೇಪ್‌ನಲ್ಲಿ ಬರುತ್ತಿತ್ತು, ಡ್ರಮ್ಮರ್ ಕೀತ್ ಮೂನ್ ಹೆಡ್‌ಫೋನ್ ಹಾಕಿ ಅದರ ಜೊತೆ ನುಡಿಸುತ್ತಿದ್ದರು. ಹಾಗಾದರೆ ನಮ್ಮ ಗಿಟಾರಿಸ್ಟ್ ಹೇಳಿದ್ದರಲ್ಲಿ ತಪ್ಪೇನು? ಅವರು ಮನುಷ್ಯ ನುಡಿಸಲಾಗದ್ದನ್ನು ಟೇಪ್‌ಗೆ ಬಿಟ್ಟರು. ನಾವು ಜೂನಿಯರ್ ಒಬ್ಬ ನುಡಿಸಬಹುದಾದ ನಾಲ್ಕು ಕಾರ್ಡನ್ನು ಟ್ರ್ಯಾಕ್‌ಗೆ ಬಿಡುತ್ತಿದ್ದೇವೆ. ಕಳೆದ ವರ್ಷ ನಮ್ಮ ಸಿಂಗರ್ ಎರಡನೇ ಚರಣ ಮರೆತು ನೇರ ಪಲ್ಲವಿಗೆ ಜಿಗಿದ. ಐದು ಜನವೂ ಒಂದೇ ಕ್ಷಣದಲ್ಲಿ ಅವನ ಹಿಂದೆ ಜಿಗಿದೆವು. ಟ್ರ್ಯಾಕ್ ಇದ್ದಿದ್ದರೆ ಅದು ತನ್ನ ಪಾಡಿಗೆ ಎರಡನೇ ಚರಣ ನುಡಿಸುತ್ತಾ ಹೋಗುತ್ತಿತ್ತು.

ಇದಿಷ್ಟನ್ನೂ ಹೇಳಿ ಬ್ಯಾಂಡ್‌ನವರ ಹತ್ತಿರ ಒಂದು ಹಾಡು ಕೇಳಿ ತೆಗೆದುಕೊಂಡಿದ್ದೇನೆ. ಫೆಸ್ಟ್‌ನ ಎರಡನೇ ರಾತ್ರಿ, ಸೆಟ್‌ನ ನಾಲ್ಕನೇದು, 'ಎ ವೈಟರ್ ಶೇಡ್ ಆಫ್ ಪೇಲ್'. ನುಡಿಸೋದು ನಾನಲ್ಲ, ಕ್ಯಾಂಟೀನ್‌ನಲ್ಲಿ ಲಿಸ್ಟ್ ಕೇಳಿದ ಆ ಹುಡುಗ. ಎಡಗೈ ಈಗಾಗಲೇ ಇಳಿಯುತ್ತಿದೆ, ಬಲಗೈ ಇನ್ನೂ ಅವಸರ ಮಾಡುತ್ತೆ. ಆಡಿಷನ್‌ಗೆ ಬಂದ ಇನ್ನೊಬ್ಬರೂ, ಹೆದರಿ ಬರದೇ ಇದ್ದವರೂ ಸಂಜೆ ಐದೂವರೆ ಮೇಲೆ ಮ್ಯೂಸಿಕ್ ರೂಮ್‌ಗೆ ಬನ್ನಿ. ಕೀ ಸೆಕ್ಯೂರಿಟಿ ಅಂಕಲ್ ಹತ್ತಿರ ಇರುತ್ತೆ. ಅಡಾಪ್ಟರ್ ಮಾತ್ರ ನಿಮ್ಮದೇ ತನ್ನಿ, ಅಲ್ಲಿರೋದು ಲೂಸ್ ಕನೆಕ್ಷನ್.