ಆಗಸ್ಟ್ 15ರ ಓಟಕ್ಕೆ ಇಳಿಯಬೇಕೇ?

ಹೈದರಾಬಾದ್ ಮ್ಯಾರಥಾನ್ ನಡೆಯುವುದು ಆಗಸ್ಟ್ ಕೊನೆಗೆ. 2024ರಲ್ಲಿ 25ರಂದು ನಡೆಯಿತು. ಅದಕ್ಕೆ ಹತ್ತೇ ದಿನ ಮೊದಲು ಸ್ವಾತಂತ್ರ್ಯ ದಿನ, ಅಂದು ಅಲ್ಲಲ್ಲಿ 5, 10 ಕಿ.ಮೀ. ಓಟಗಳು. 42 ಕಿ.ಮೀ.ಗೆ ತಯಾರಾಗುತ್ತಿರುವ ಕಾಚಿಗೂಡದ ನಮ್ಮವರು ಈ ರಜಾ ಓಟಕ್ಕೂ ಹೆಸರು ಕೊಡಬೇಕೇ?

ಪರ

ತಿಂಗಳುಗಟ್ಟಲೆ ನಸುಕಿನಲ್ಲೆದ್ದು ಕಾಚಿಗೂಡದಿಂದ ಉಸ್ಮಾನಿಯಾ ಕ್ಯಾಂಪಸ್ಸಿಗೆ ಹೋಗಿ, ಆರ್ಟ್ಸ್ ಕಾಲೇಜಿನ ಮುಂದೆ ಒಬ್ಬರೇ ಓಡಿದವರಿಗೆ ಒಂದು ದಿನ ಜನರ ನಡುವೆ ಓಡುವ ಆಸೆ ತಪ್ಪೇ? ಇದೇನೂ ಹೊಸ ಚಟವಲ್ಲ. ಅಮೆರಿಕದ ಬಫಲೋ ನಗರದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ 8 ಕಿ.ಮೀ. ಓಟ ಶುರುವಾದದ್ದು 1896ರಲ್ಲಿ. ಬಾಸ್ಟನ್ ಮ್ಯಾರಥಾನ್ ಹುಟ್ಟಿದ್ದು ಅದರ ಮರುವರ್ಷ.

ಉಪಯೋಗವೂ ಇದೆ. 1977ರಲ್ಲಿ ಪೀಟ್ ರೀಗಲ್ ಕೊಟ್ಟ ಸೂತ್ರದ ಪ್ರಕಾರ, 10 ಕಿ.ಮೀ.ಯನ್ನು ಒಂದು ಗಂಟೆಗೆ ಮುಗಿಸುವವರಿಗೆ ಮ್ಯಾರಥಾನ್ ಮುಗಿಸಲು ಸುಮಾರು 4 ಗಂಟೆ 36 ನಿಮಿಷ ಬೇಕು. ನಾಲ್ಕೇ ಗಂಟೆಯಲ್ಲಿ ಮುಗಿಸುತ್ತೇನೆಂದು ಹೊರಟವರಿಗೆ ಈ ಎಚ್ಚರಿಕೆ ಮೊದಲೇ ಸಿಕ್ಕರೆ 30ನೇ ಕಿ.ಮೀ.ಯಲ್ಲಿ ಕುಸಿಯುವುದು ತಪ್ಪಬಹುದು. ಸುಸ್ತಿನ ಭಯವೇ? ಸ್ಪರ್ಧೆಯಲ್ಲಿ ಓಡಿದ ಪ್ರತಿ 3 ಕಿ.ಮೀ.ಗೆ ಒಂದು ದಿನ ಹಗುರ ಓಟ ಸಾಕು ಎಂದು ಕೋಚ್ ಜ್ಯಾಕ್ ಡೇನಿಯಲ್ಸ್ ಹೇಳಿದ್ದಾರೆ. ಹತ್ತು ದಿನ ಧಾರಾಳವಾಯಿತು.

ವಿರೋಧ

ಆಸೆ ತಪ್ಪಲ್ಲ, ತಾರೀಖು ತಪ್ಪು. ಇದೇ ಓಟ ಜುಲೈ ಮೊದಲ ವಾರದಲ್ಲಿದ್ದಿದ್ದರೆ ನಾನೂ ಬರುತ್ತಿದ್ದೆ. ಜೋರಾಗಿ ಓಡಿದ್ದರ ಲಾಭ ಮೈಗೆ ಹತ್ತಲು ಹತ್ತು ದಿನ, ಎರಡು ವಾರ ಹಿಡಿಯುತ್ತದೆ. ನೋವು ಮಾತ್ರ ಮರುದಿನವೇ ಹಾಜರು. ಅದಕ್ಕೇ ಅಲ್ಲವೇ ಕೊನೆಯ ವಾರಗಳಲ್ಲಿ ಓಟ ಕಡಿಮೆ ಮಾಡಿ ಎಲ್ಲರೂ ಟೇಪರ್ ಮಾಡುವುದು? ಹೊಸದಾಗಿ ಗಳಿಸುವುದೇನೂ ಉಳಿದಿಲ್ಲ, ಕಳೆದುಕೊಳ್ಳುವುದು ಬೇಕಾದಷ್ಟಿದೆ.

ಡೇನಿಯಲ್ಸ್ ಹೇಳಿದ್ದು ಕಾಲು ಉಳುಕದೆ ಮನೆಗೆ ಬಂದವರ ಲೆಕ್ಕ. ಮಳೆಗೆ ನೆನೆದ ರಸ್ತೆ, ಅಡ್ಡಡ್ಡ ನುಗ್ಗುವ ಮಕ್ಕಳು, ಫೋಟೋಗೆಂದು ನಡುವೆಯೇ ನಿಂತುಬಿಡುವ ಬಳಗ: ಮೀನಖಂಡ ಹಿಡಿದುಕೊಳ್ಳಲು ಇಷ್ಟು ಸಾಕು. ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ವಾರ್ಮ್‌ಅಪ್ ಮಾಡಿದ ಮೈ ತಣ್ಣಗಾಗಿರುತ್ತದೆ, ಆ ಮಾತು ಬೇರೆ.

ಇನ್ನು ರೀಗಲ್ ಸೂತ್ರ. ಹುಸೇನ್ ಸಾಗರದ ದಂಡೆಯ ಸಮತಟ್ಟು ರಸ್ತೆಯಲ್ಲಿ ಬಂದ ಟೈಮಿಂಗ್ ಹಿಡಿದು ನಮ್ಮ ಮ್ಯಾರಥಾನನ್ನು ಅಳೆಯಲಾಗದು. ನೆಕ್ಲೆಸ್ ರೋಡಿನಿಂದ ಹೊರಟು, ಫ್ಲೈಓವರ್ ಮೇಲೆ ಫ್ಲೈಓವರ್ ಹತ್ತಿಳಿದು ಗಚ್ಚಿಬೌಲಿ ಮುಟ್ಟುವ ದಾರಿ ಅದು, ಅದೂ ಆಗಸ್ಟಿನ ಸೆಕೆಯಲ್ಲಿ. ಸೂತ್ರ ಎಚ್ಚರಿಸುವುದಿರಲಿ, ಹುಸಿ ಧೈರ್ಯ ತುಂಬುತ್ತದೆ. ನಿಮ್ಮ ವೇಗ ತಿಳಿಯಬೇಕಾದರೆ ಜುಲೈನ ಲಾಂಗ್ ರನ್‌ಗಳನ್ನು ನೋಡಿ.

‘ನಾನು ಸುಮ್ಮನೆ ಓಡುತ್ತೇನೆ, ರೇಸ್ ಮಾಡುವುದಿಲ್ಲ’ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಎದೆಗೆ ಬಿಬ್ ಬಿದ್ದು, ಪಕ್ಕದ ಬೀದಿಯವರು ಮುಂದೆ ಹೋದರೆಂದರೆ ಆ ಮಾತು ಎರಡನೇ ಕಿ.ಮೀ.ಗೇ ಮುಗಿಯಿತು. ಹಬ್ಬ ತಪ್ಪಬಾರದು ಅಂದರೆ ಮಕ್ಕಳ ಕೈ ಹಿಡಿದು 5 ಕಿ.ಮೀ.ಗೆ ಬನ್ನಿ, ವಾಚ್ ಮನೆಯಲ್ಲಿಟ್ಟು. 10 ಕಿ.ಮೀ. ಪೈಪೋಟಿಗೆ ನವೆಂಬರ್ 1 ಇದೆ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಮುಂದಿನಿಂದ ರಾಜ್ಯೋತ್ಸವದ ಓಟವೊಂದನ್ನು ನಾವೇ ಇಟ್ಟುಕೊಳ್ಳೋಣ, ಅಷ್ಟರಲ್ಲಿ ಮ್ಯಾರಥಾನ್ ಓಡಿದ ಕಾಲೂ ಚೇತರಿಸಿಕೊಂಡಿರುತ್ತದೆ. ಭಾಷಣ ಮಾತ್ರ ಓಟ ಮುಗಿದ ಮೇಲೆ.